ಫ್ಲೆಕ್ಸಿ ಟೈಮಿಂಗ್: ಬರೋ ಹೊತ್ತು ನಮ್ಮದು, ಮುಗಿಯೋ ಹೊತ್ತು ಯಾರದು?

ಬನಶಂಕರಿಯಿಂದ ಮಾರತ್ತಹಳ್ಳಿಗೆ ನಾನು ಒಂಬತ್ತು ವರ್ಷ ಓಡಾಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಐವತ್ತು ನಿಮಿಷ ಸಾಕು. ಎಂಟೂವರೆಗೆ ಬಿಟ್ಟರೆ ಒಂದೂಮುಕ್ಕಾಲು ಗಂಟೆ. ರಸ್ತೆ ಅದೇ, ದೂರ ಅದೇ, ಸಿಲ್ಕ್ ಬೋರ್ಡ್ ಸಿಗ್ನಲ್ಲೂ ಅದೇ. ಹಾಗಾಗಿ "ಇನ್ಮೇಲೆ ಏಳೂವರೆಯಿಂದ ಹನ್ನೊಂದರ ಒಳಗೆ ಯಾವಾಗ ಬೇಕಾದರೂ ಬನ್ನಿ, ಒಂಬತ್ತು ಗಂಟೆ ಕೆಲಸ ಆದಮೇಲೆ ಹೊರಡಿ" ಅಂತ ಆಫೀಸಿನಿಂದ ಮೇಲ್ ಬಂದ ದಿನ ಸಂಬಳ ಜಾಸ್ತಿ ಆದಷ್ಟೇ ಖುಷಿಯಾಗಿತ್ತು. ನಾಲ್ಕೂವರೆಗೆ ಹೊರಟರೆ ಮಗಳು ಆಟ ಮುಗಿಸಿ ಬರುವ ಹೊತ್ತಿಗೆ ನಾನೂ ಮನೆಯಲ್ಲಿ.

ಆ ಖುಷಿ ಮೂರ್ನಾಲ್ಕು ತಿಂಗಳು ಇತ್ತು. ಆಮೇಲೆ ಸಂಜೆ ಏಳಕ್ಕೆ ಒಂದು ಕಾಲ್ ಸೇರಿಕೊಂಡಿತು, "ಹೇಗೂ ಬೇಗ ಹೋಗ್ತೀರಲ್ಲ, ಮನೆಯಿಂದಲೇ ಸೇರ್ಕೊಳ್ಳಿ" ಅಂತ. ಸ್ವಲ್ಪ ದಿನಕ್ಕೆ ರಾತ್ರಿ ಒಂಬತ್ತೂವರೆಗೆ ಇನ್ನೊಂದು. ಬೆಳಿಗ್ಗೆ ಏಳೂವರೆಗೆ ಲಾಗಿನ್ ಆದವಳು ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚುವಂತಾಯಿತು. ಹದಿನೈದು ಗಂಟೆ ಕೆಲಸ ಮಾಡು ಅಂತ ಯಾರೂ ನನಗೆ ಹೇಳಿರಲಿಲ್ಲ. ನನ್ನ ಮ್ಯಾನೇಜರ್ ಒಳ್ಳೆಯವರೇ. ಬೆಳಿಗ್ಗೆ ಬೇಗ ಬರುವುದು ನನ್ನ ಆಯ್ಕೆ, ರಾತ್ರಿ ಕಾಲ್ ಪ್ರಾಜೆಕ್ಟಿನ ಅಗತ್ಯ, ನಡುವಿನದು ನನ್ನ ಪಾಡು. ಹೀಗೆ ಮೂರು ತುಂಡಾಗಿ ನೋಡಿದರೆ ಒಂದರಲ್ಲೂ ತಪ್ಪು ಕಾಣುವುದಿಲ್ಲ. ಒಟ್ಟು ಸೇರಿಸಿ ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

ಫ್ಲೆಕ್ಸಿಬಲ್ ಟೈಮ್ ಒಳ್ಳೆಯದಾ ಕೆಟ್ಟದಾ ಅಂತ ಕೇಳಿದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಅದನ್ನು ನಾನು ಬೇಡ ಅನ್ನುವವಳಲ್ಲ. ಅದು ಇರಲೇಬೇಕು. ಆದರೆ ಗಂಟೆ ಎಣಿಸದೆ, ಮುಗಿಯುವ ಹೊತ್ತು ಗೊತ್ತುಮಾಡದೆ ಸಡಿಲ ಮಾಡಿದರೆ ದಿನ ಸಡಿಲ ಆಗುವುದಿಲ್ಲ, ಉದ್ದ ಆಗುತ್ತದೆ.

ಈ ಪದ್ಧತಿ ಹುಟ್ಟಿದ್ದು ಹೇಗೆ ಅಂತ ಗೊತ್ತಾದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1967ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಓಟೊಬ್ರುನ್ ಎಂಬ ಊರಿನಲ್ಲಿದ್ದ ವಿಮಾನ ತಯಾರಿಕೆಯ ಕಂಪನಿಯೊಂದು ಇದನ್ನು ಶುರುಮಾಡಿತು. ಕಾರಣ ಏನು ಗೊತ್ತಾ? ಟ್ರಾಫಿಕ್. ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಬಂದು ಗೇಟಿನ ಮುಂದೆ ವಾಹನ ಸಾಲುಗಟ್ಟುತ್ತಿದ್ದವು. ಆಗ ಕ್ರಿಸ್ಟೆಲ್ ಕೆಮ್ಮರರ್ ಎಂಬ ಅರ್ಥಶಾಸ್ತ್ರಜ್ಞೆ ಕೊಟ್ಟಿದ್ದ ಐಡಿಯಾವನ್ನು ಕಂಪನಿ ಬಳಸಿಕೊಂಡಿತು. ದಿನದ ನಡುವಿನ ಕೆಲವು ಗಂಟೆ ಎಲ್ಲರೂ ಇರಬೇಕು, ಉಳಿದಂತೆ ಬರುವ ಹೋಗುವ ಹೊತ್ತು ಅವರವರ ಇಷ್ಟ. ನಾವು ಇವತ್ತು "ಕೋರ್ ಅವರ್ಸ್" ಅನ್ನುವುದು ಇದನ್ನೇ. ಜರ್ಮನ್ ಭಾಷೆಯಲ್ಲಿ ಇದಕ್ಕೆ "ಗ್ಲೈಟ್‌ಸೈಟ್" ಅಂತಾರೆ, ಜಾರುವ ಸಮಯ ಅಂತ ಅರ್ಥ.

ಇದರ ಜೊತೆಗೆ ಅಲ್ಲಿ ಇನ್ನೊಂದು ಪದ್ಧತಿಯೂ ಬೆಳೆಯಿತು: ಗಂಟೆಗಳ ಖಾತೆ. ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಇವತ್ತು ಒಂದು ಗಂಟೆ ಜಾಸ್ತಿ ಮಾಡಿದರೆ ಅದು ನಿಮ್ಮ ಖಾತೆಗೆ ಜಮಾ, ಮುಂದಿನ ವಾರ ಒಂದು ಗಂಟೆ ಬೇಗ ಹೊರಟರೆ ಖರ್ಚು. ಅಂದರೆ ಸಮಯ ಸಡಿಲ, ಆದರೆ ಲೆಕ್ಕ ಬಿಗಿ. ನಮ್ಮ ಕಂಪನಿಗಳು ಮೊದಲನೆಯದನ್ನು ತಂದವು, ಎರಡನೆಯದನ್ನು ಬಹುತೇಕ ಬಿಟ್ಟೇಬಿಟ್ಟವು. ಲೆಕ್ಕ ಇಲ್ಲ ಅಂತಲ್ಲ. ಗೇಟಿನಲ್ಲಿ ಬ್ಯಾಡ್ಜ್ ಸ್ವೈಪ್ ಮಾಡಿದ್ದು, ಲಾಗಿನ್ ಲಾಗೌಟ್ ಎಲ್ಲ ದಾಖಲಾಗುತ್ತದೆ. ಆದರೆ ಅದನ್ನು ತೆಗೆದು ನೋಡುವುದು ಯಾರಾದರೂ ಒಂಬತ್ತು ಗಂಟೆಗಿಂತ ಕಡಿಮೆ ಕೂತಾಗ. ಹದಿಮೂರು ಗಂಟೆ ಕೂತವರ ಸ್ವೈಪ್ ಹಿಡಿದುಕೊಂಡು ಬಂದು "ಯಾಕಮ್ಮಾ, ಇಷ್ಟೊತ್ತು ಯಾಕೆ?" ಅಂತ ಕೇಳಿದವರನ್ನು ನಾನು ಕಂಡಿಲ್ಲ. 2025ರಲ್ಲಿ ಇನ್ಫೋಸಿಸ್, ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಸರಾಸರಿ ಒಂಬತ್ತು ಕಾಲು ಗಂಟೆ ದಾಟಿದವರಿಗೆ ಎಚ್ಚರಿಕೆಯ ಮೇಲ್ ಕಳಿಸುತ್ತಿದೆ ಅನ್ನುವ ಸುದ್ದಿ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಮೇಲ್‌ನಿಂದ ಕೆಲಸ ಕಡಿಮೆ ಆಯಿತಾ ಅನ್ನುವುದು ಬೇರೆ ಮಾತು. ಒಟ್ಟು ಸೇರಿಸಿ ನೋಡುವ ಕೆಲಸವನ್ನು ಕಂಪನಿಯೇ ಮಾಡಬಹುದು ಅನ್ನುವುದಂತೂ ಅದರಿಂದ ಗೊತ್ತಾಯಿತಲ್ವಾ?

ಲಾಭಗಳ ಬಗ್ಗೆ ಹೇಳಬೇಕೆಂದರೆ ಅವು ಸಣ್ಣವಲ್ಲ. ಬೆಂಗಳೂರಿನಲ್ಲಿ 2024ರಲ್ಲಿ ಹತ್ತು ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಗುತ್ತಿತ್ತು ಅಂತ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ ಲೆಕ್ಕ ಹೇಳುತ್ತದೆ. ಅದು ಇಡೀ ದಿನದ ಸರಾಸರಿ. ಔಟರ್ ರಿಂಗ್ ರೋಡಿನಲ್ಲಿ ಸಂಜೆ ಆರೂವರೆಗೆ ನಿಂತವರಿಗೆ ಆ ಅಂಕಿ ಉದಾರವಾಗಿ ಕಾಣುತ್ತದೆ. ಆಫೀಸಿನ ಹೊತ್ತು ಈ ಊರಿನಲ್ಲಿ ಸರ್ಕಾರದ ವಿಷಯವೂ ಹೌದು. 2021ರ ಆಗಸ್ಟ್‌ನಲ್ಲಿ ರಿಂಗ್ ರೋಡಿನಲ್ಲಿ ಮೆಟ್ರೋ ಕಾಮಗಾರಿ ನಡೆಯುತ್ತಿದೆ, ಹಾಗಾಗಿ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸಿ ಅಂತ ರಾಜ್ಯ ಸರ್ಕಾರವೇ ಐಟಿ ಕಂಪನಿಗಳನ್ನು ಕೇಳಿಕೊಂಡಿತ್ತು. 2025ರಲ್ಲಿ ಟ್ರಾಫಿಕ್ ಪೊಲೀಸರು ಅದೇ ರಸ್ತೆಯ ಕಂಪನಿಗಳಿಗೆ ಬುಧವಾರ ಮನೆಯಿಂದ ಕೆಲಸ ಕೊಡಿ, ಶುರುವಾಗುವ ಹೊತ್ತನ್ನು ಹಿಂದೆ ಮುಂದೆ ಮಾಡಿ ಅಂದರು. ಓಟೊಬ್ರುನ್ ಗೇಟಿನ ಸಮಸ್ಯೆಯೇ ಇದು, ಗೇಟು ಮಾತ್ರ ಈ ರಸ್ತೆಯ ಹದಿನೇಳು ಕಿಲೋಮೀಟರ್‌ನಷ್ಟು ಉದ್ದ ಆಗಿದೆ.

ಮನೆ ಕಡೆಯ ಲಾಭ ಇನ್ನೂ ದೊಡ್ಡದು. ಅಪ್ಪನಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್ ಇದ್ದ ನನ್ನ ಸಹೋದ್ಯೋಗಿಯೊಬ್ಬರು ಕೆಲಸ ಉಳಿಸಿಕೊಂಡಿದ್ದೇ ಇದರಿಂದ. ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಬಿಟ್ಟು, ಮಧ್ಯಾಹ್ನ ಕರೆತಂದು, ಆಮೇಲೆ ಲಾಗಿನ್ ಆಗಿ ರಾತ್ರಿವರೆಗೆ ಕೆಲಸ ಮುಗಿಸುತ್ತಿದ್ದರು. ರಜೆ ಹಾಕಿ ಇದನ್ನು ಮಾಡಲು ಹೋಗಿದ್ದರೆ ಮೂರು ತಿಂಗಳಿಗೆ ರಜೆ ಖಾಲಿ. ಶಾಲೆಯ ಪೇರೆಂಟ್ಸ್ ಮೀಟಿಂಗ್, ಗ್ಯಾಸ್ ಸ್ಟವ್ ರಿಪೇರಿಯವರು ಬರುವ ಹೊತ್ತು, ಬ್ಯಾಂಕಿನ ಕೆಲಸ, ಇವೆಲ್ಲ ಹತ್ತರಿಂದ ಐದರ ನಡುವೆಯೇ ಬೀಳುತ್ತವೆ. ಮನೆಯಲ್ಲಿ ಎರಡನೆಯವರು ಇಲ್ಲದವರಿಗೆ ಆ ಎರಡು ಗಂಟೆಯ ಸಡಿಲಿಕೆ ಒಂದು ಅನುಕೂಲ ಅಲ್ಲ, ಕೆಲಸ ಉಳಿಯುವ ದಾರಿ.

ಇದರಿಂದ ಕಂಪನಿಗೆ ನಷ್ಟ ಆಗುತ್ತದೆ ಅನ್ನುವ ಮಾತಿಗೆ ಒಳ್ಳೆಯ ಉತ್ತರವೂ ಇದೆ. ಚೀನಾದ ಟ್ರಿಪ್ ಡಾಟ್ ಕಾಮ್ ಎಂಬ ಪ್ರವಾಸ ಬುಕಿಂಗ್ ಕಂಪನಿಯಲ್ಲಿ 1,612 ನೌಕರರ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಸಡಿಲ ಮಾಡಿದ್ದು ಹೊತ್ತನ್ನಲ್ಲ, ಜಾಗವನ್ನು: ಅರ್ಧ ಜನಕ್ಕೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಉಳಿದವರಿಗೆ ಐದೂ ದಿನ ಆಫೀಸು. ಮನೆಯಿಂದ ಮಾಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗ ಇಳಿಯಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ಮುಂದಿನ ಎರಡು ವರ್ಷ ವ್ಯತ್ಯಾಸ ಕಾಣಲಿಲ್ಲ. ಜಾಸ್ತಿ ಲಾಭ ಆಗಿದ್ದು ಹೆಂಗಸರಿಗೆ, ಮ್ಯಾನೇಜರ್ ಅಲ್ಲದವರಿಗೆ, ದೂರದಿಂದ ಬರುವವರಿಗೆ. ಆ ಕಂಪನಿಯ ಮ್ಯಾನೇಜರ್‌ಗಳು ಶುರುವಿನಲ್ಲಿ ಕೆಲಸ ಕೆಡುತ್ತದೆ ಅಂದುಕೊಂಡಿದ್ದವರು, ಪ್ರಯೋಗ ಮುಗಿಯುವ ಹೊತ್ತಿಗೆ ಅಭಿಪ್ರಾಯ ಬದಲಿಸಿದ್ದರು.

ಹಾಗಾದರೆ ತೊಂದರೆ ಎಲ್ಲಿ? ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ ಗಡಿಯಾರದಲ್ಲಿ. ಇಲ್ಲಿನ ಐಟಿ ಕೆಲಸದ ದೊಡ್ಡ ಪಾಲು ಅಮೆರಿಕದವರಿಗೆ. ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ ಹನ್ನೆರಡಾದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದವರಿಗೆ ಬೆಳಿಗ್ಗೆ ಒಂಬತ್ತು, ಆಗಷ್ಟೇ ಆಫೀಸಿಗೆ ಬಂದಿರುತ್ತಾರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸಿಕೊಳ್ಳುತ್ತಾರೆ, ಅವರ ಒಂಬತ್ತು ಒಂಬತ್ತಾಗೇ ಇರುತ್ತದೆ, ನಮ್ಮ ಒಂಬತ್ತೂವರೆ ಹತ್ತೂವರೆ ಆಗುತ್ತದೆ. ಮಾರ್ಚ್‌ವರೆಗೆ ಹಾಗೇ. ನನ್ನ ತಂಡದಲ್ಲಿ ಪ್ರತಿ ನವೆಂಬರ್‌ಗೂ ಇದು ಒಂದು ಸಂಕಟ. ಮಗುವನ್ನು ಮಲಗಿಸಿ ಕಾಲ್‌ಗೆ ಕೂರುತ್ತಿದ್ದವರು ಈಗ ತಾವೇ ನಿದ್ದೆಗಣ್ಣಿನಲ್ಲಿ ಕೂರಬೇಕು.

ಈ ಲೆಕ್ಕದಲ್ಲಿ ಫ್ಲೆಕ್ಸಿಬಲ್ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ ಇದೆ. ನನ್ನ ಮನೆಯ ಅಗತ್ಯಕ್ಕೆ ಕೆಲಸದ ಹೊತ್ತು ಬಾಗುವುದು ಒಂದು. ಕೆಲಸದ ಅಗತ್ಯಕ್ಕೆ ನನ್ನ ಮನೆಯೇ ಬಾಗುವುದು ಇನ್ನೊಂದು. ಇಂಟರ್‌ವ್ಯೂನಲ್ಲಿ "ನೀವು ಫ್ಲೆಕ್ಸಿಬಲ್ ಇದ್ದೀರಾ?" ಅಂತ ಕೇಳುವವರು ಕೇಳುವುದು ಎರಡನೆಯದನ್ನೇ. ಕಂಪನಿಯ ವೆಬ್‌ಸೈಟಿನಲ್ಲಿ "ನಮ್ಮಲ್ಲಿ ಫ್ಲೆಕ್ಸಿಬಲ್ ಟೈಮಿಂಗ್ ಇದೆ" ಅಂತ ಬರೆದಾಗ ನಮಗೆ ಕೇಳಿಸುವುದು ಮೊದಲನೆಯದು. ಕೆಲಸಕ್ಕೆ ಸೇರಿದ ಮೇಲೆ ಎರಡೂ ಒಂದೇ ದಿನದಲ್ಲಿ ಬಂದು ಕೂರುತ್ತವೆ.

ಕಾನೂನು ಏನೂ ಇಲ್ಲವಾ ಅಂದರೆ ಇದೆ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ ಹತ್ತು ಗಂಟೆ ದಾಟಬಾರದು, ಮೂರು ತಿಂಗಳಿಗೆ ಓವರ್‌ಟೈಮ್ 50 ಗಂಟೆ ಮೀರಬಾರದು. ನನ್ನ ಹದಿನೈದು ಗಂಟೆಯ ದಿನಕ್ಕೆ ಈ ಕಾಯ್ದೆ ಯಾಕೆ ಅಡ್ಡ ಬರಲಿಲ್ಲ? ನಡುವಿನ ಗಂಟೆಗಳಲ್ಲಿ ನಾನು ಮನೆಯಲ್ಲಿದ್ದೆ, ಸಾರು ಕುದಿಸುತ್ತಿದ್ದೆ, ಹೋಂವರ್ಕ್ ನೋಡುತ್ತಿದ್ದೆ. ಫೋನು ಮಾತ್ರ ಕೈಯಲ್ಲಿತ್ತು. ಅದನ್ನು ಕೆಲಸ ಅನ್ನಬೇಕಾ ಬಿಡುವು ಅನ್ನಬೇಕಾ ಅಂತ ನನಗೇ ಗೊತ್ತಿರಲಿಲ್ಲ. ಅಂಗಡಿ ನೋಡಿ ಬರೆದ ಕಾಯ್ದೆಗೆ ಶಟರ್ ಎಳೆದಿದ್ದು ಗೊತ್ತಾಗುತ್ತದೆ, ಫೋನ್ ಟಣ್ ಅಂದಿದ್ದು ಗೊತ್ತಾಗುವುದಿಲ್ಲ.

ಇಂಥ ಹೊತ್ತಿನಲ್ಲಿ ಮಿತಿಯನ್ನು ಗಟ್ಟಿ ಮಾಡುವ ಬದಲು ಏರಿಸುವ ಪ್ರಯತ್ನಗಳೇ ನಡೆದಿವೆ. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ಕೆಲಸಕ್ಕೆ ಅವಕಾಶ ಕೊಡುವ ಪ್ರಸ್ತಾವ ಬಂದಾಗ ರಾಜ್ಯದ ಐಟಿ ನೌಕರರ ಸಂಘ ಬೀದಿಗಿಳಿಯಿತು. 2025ರ ಜೂನ್‌ನಲ್ಲಿ ಮತ್ತೆ ಇನ್ನೊಂದು: ದಿನಕ್ಕೆ ಹತ್ತು ಗಂಟೆ, ಓವರ್‌ಟೈಮ್ ಸೇರಿ ಹನ್ನೆರಡು, ಮೂರು ತಿಂಗಳ ಓವರ್‌ಟೈಮ್ 50ರಿಂದ 144 ಗಂಟೆಗೆ. ಇದಕ್ಕೂ ವಿರೋಧ ಬಂತು. ಇವುಗಳನ್ನು ಸಮರ್ಥಿಸುವಾಗಲೂ ಬಳಕೆಯಾಗುವ ಪದ "ಫ್ಲೆಕ್ಸಿಬಿಲಿಟಿ"ಯೇ. ಯಾರಿಗೆ ಫ್ಲೆಕ್ಸಿಬಿಲಿಟಿ ಅನ್ನುವುದನ್ನು ಪ್ರತಿ ಸಲ ಕೇಳಲೇಬೇಕು.

ಕಾರ್ಖಾನೆಗಳಲ್ಲಿ ಇದು ಆಗಲೇ ಆಗಿದೆ. 2023ರ ತಿದ್ದುಪಡಿಯಿಂದ ಕರ್ನಾಟಕದ ಕಾರ್ಖಾನೆಗಳಲ್ಲಿ ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿಯಾಯಿತು, ವಾರದ ಮಿತಿ 48 ಗಂಟೆ. ನಾಲ್ಕು ದಿನ ಕೆಲಸ, ಮೂರು ದಿನ ರಜೆ ಅಂತ ಕೇಳಲು ಚೆನ್ನಾಗಿದೆ. ಬೆಲ್ಜಿಯಂ ಕೂಡ 2022ರಲ್ಲಿ ನಾಲ್ಕು ದಿನದ ವಾರಕ್ಕೆ ಕಾನೂನು ಮಾಡಿತು. ಆದರೆ ಅಲ್ಲಿ ವಾರಕ್ಕೆ 38 ಗಂಟೆ, ನಾಲ್ಕು ದಿನಕ್ಕೆ ಹಂಚಿದರೆ ಒಂಬತ್ತೂವರೆ. ನಮ್ಮ 48ನ್ನು ನಾಲ್ಕಕ್ಕೆ ಹಂಚಿದರೆ ಹನ್ನೆರಡು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಹನ್ನೆರಡು ಗಂಟೆ ಕೂತ ಹೆಣ್ಣುಮಗಳು ಬಸ್ ಹಿಡಿದು ಮನೆಗೆ ಹೋಗಿ ಅಡುಗೆ ಮಾಡಬೇಕು, ಬೆಳಿಗ್ಗೆ ಮತ್ತೆ ಬುತ್ತಿ ಕಟ್ಟಬೇಕು. ಐದನೇ ದಿನದ ರಜೆ ಆ ನಾಲ್ಕು ರಾತ್ರಿಗಳ ನಿದ್ದೆಯನ್ನು ವಾಪಸ್ ಕೊಡುವುದಿಲ್ಲ. ಲಿಖಿತ ಒಪ್ಪಿಗೆಯ ಮಾತು ನನಗೆ ಸಮಾಧಾನ ತರುವುದಿಲ್ಲ. ಸೂಪರ್‌ವೈಸರ್ ಚೀಟಿ ಹಿಡಿದು ಸಾಲಿನ ಪಕ್ಕ ನಿಂತಾಗ ಎಷ್ಟು ಜನ ಒಲ್ಲೆ ಅನ್ನಬಲ್ಲರು?

ಮನೆಗೆಲಸದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ತಮ್ಮ ಮನೆಯ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಫ್ಲೆಕ್ಸಿ ಟೈಮ್ ಇದ್ದ ಹೆಂಗಸಿಗೆ ಈ ಅಂಕಿ ಕಡಿಮೆ ಆಗುತ್ತದೆ ಅಂತ ಅಂದುಕೊಂಡರೆ ತಪ್ಪು. "ನಿನಗೆ ಹೇಗೂ ಫ್ಲೆಕ್ಸಿ ಅಲ್ವಾ, ನೀನೇ ನೋಡ್ಕೋ" ಅನ್ನುವ ಮಾತು ಎಷ್ಟು ಮನೆಗಳಲ್ಲಿ ಬಂದಿಲ್ಲ! ಗಂಡನಿಗೂ ಅದೇ ಕಂಪನಿಯಲ್ಲಿ ಅದೇ ಸೌಲಭ್ಯ ಇದ್ದರೂ ಶಾಲೆಯಿಂದ ಫೋನ್ ಬರುವುದು ಅಮ್ಮನಿಗೆ. ನಮ್ಮ ಮನೆಯಲ್ಲಿ ಇದನ್ನು ಎದುರಾಬದುರು ಕೂತು ಮಾತಾಡಿ ಸರಿಮಾಡಿಕೊಳ್ಳಲು ಒಂದು ವರ್ಷ ಬೇಕಾಯಿತು. ಮಂಗಳವಾರ ಗುರುವಾರ ಅವರು, ಉಳಿದ ದಿನ ನಾನು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಕ್ಯಾಬ್. ಕಂಪನಿ ಕ್ಯಾಬ್ ಓಡುವುದು ರೋಸ್ಟರ್ ಮೇಲೆ. ಇಷ್ಟು ಗಂಟೆಗೆ ಪಿಕಪ್, ಇಷ್ಟು ಗಂಟೆಗೆ ಡ್ರಾಪ್ ಅಂತ ಹಿಂದಿನ ದಿನವೇ ಗೊತ್ತಾಗಿರಬೇಕು. ಶಿಫ್ಟ್ ಇದ್ದವರಿಗೆ ಕ್ಯಾಬ್ ಸಿಗುತ್ತದೆ, ಫ್ಲೆಕ್ಸಿ ಇದ್ದವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಹನ್ನೊಂದಕ್ಕೆ ಬಂದು ಎಂಟೂವರೆಗೆ ಹೊರಡುವ ಹುಡುಗಿ ರಾತ್ರಿ ಆಟೋ ಹುಡುಕುತ್ತಾ ನಿಲ್ಲುತ್ತಾಳೆ. ಹೊತ್ತು ಅವಳೇ ಆರಿಸಿಕೊಂಡಿದ್ದು ಅಂತ ಕಂಪನಿ ಕೈ ಚೆಲ್ಲುವುದು ಸರಿಯಲ್ಲ.

ಆ್ಯಪ್ ಕೆಲಸದವರ ಬಗ್ಗೆ ಹೇಳದೆ ಹೋದರೆ ಈ ವಿಷಯ ಅರ್ಧವೇ. ಊಟ ತಲುಪಿಸುವವರಿಗೆ, ಕ್ಯಾಬ್ ಓಡಿಸುವವರಿಗೆ ಮೊದಲು ಹೇಳುವ ಮಾತೇ "ನಿಮ್ಮ ಟೈಮ್ ನಿಮ್ಮ ಇಷ್ಟ". ಲಾಗಿನ್ ಆಗುವುದು ಬಿಡುವುದು ಅವರ ಕೈಯಲ್ಲೇ ಇದೆ, ನಿಜ. ಆದರೆ ದುಡ್ಡು ಇರುವುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ರಾತ್ರಿ ಊಟದ ಹೊತ್ತಿನಲ್ಲಿ, ಮಳೆ ಬಂದಾಗ, ಹಬ್ಬದ ದಿನ. ಇನ್ಸೆಂಟಿವ್ ಬೇಕೆಂದರೆ ಇಷ್ಟು ಆರ್ಡರ್ ಮುಗಿಸಲೇಬೇಕು. ನಡುವಿನ ಮೂರು ಗಂಟೆ ಮರದ ನೆರಳಲ್ಲಿ ಬೈಕಿನ ಮೇಲೆ ಕೂರುವುದು, ಅದಕ್ಕೆ ಕಾಸಿಲ್ಲ. ನನ್ನ ರಾತ್ರಿ ಕಾಲ್‌ನ ಕಥೆಯೇ ಇದು, ಅವರಿಗೆ ತಿಂಗಳ ಸಂಬಳವೂ ಇಲ್ಲ ಅನ್ನುವುದೊಂದೇ ವ್ಯತ್ಯಾಸ, ಮತ್ತು ಅದು ಬಹಳ ದೊಡ್ಡ ವ್ಯತ್ಯಾಸ. ಕರ್ನಾಟಕ 2025ರಲ್ಲಿ ಇಂಥ ಆ್ಯಪ್ ಕೆಲಸದವರ, ಅಂದರೆ ಗಿಗ್ ಕಾರ್ಮಿಕರ, ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿದೆ. ಪ್ರತಿ ವ್ಯವಹಾರದಲ್ಲಿ ಅವರಿಗೆ ಸಿಗುವ ಹಣದ ಲೆಕ್ಕದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸ್ ಕೊಡಬೇಕು. ಒಳ್ಳೆಯ ಹೆಜ್ಜೆ. ಕಾಯುವ ಗಂಟೆಗಳಿಗೆ ಬೆಲೆ ಕಟ್ಟುವ ಮಾತು ಮಾತ್ರ ಇನ್ನೂ ಬಾಕಿ ಇದೆ.

ಬೇರೆ ದೇಶಗಳಲ್ಲಿ ಇದನ್ನು ಎರಡು ಕಡೆಯಿಂದ ಕಟ್ಟುತ್ತಿದ್ದಾರೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಫ್ಲೆಕ್ಸಿಬಲ್ ಹೊತ್ತು ಕೇಳುವ ಹಕ್ಕಿದೆ, ಕಂಪನಿ ಎರಡು ತಿಂಗಳ ಒಳಗೆ ಉತ್ತರ ಕೊಡಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಬಾಸ್ ಫೋನ್ ಮಾಡಿದರೆ ಎತ್ತದೇ ಇರುವ ಹಕ್ಕಿದೆ. ಶುರುವಾಗುವ ಹೊತ್ತಿಗೆ ಒಂದು ಹಕ್ಕು, ಮುಗಿಯುವ ಹೊತ್ತಿಗೆ ಒಂದು. ಎರಡೂ ಬೇಕು. ನಮ್ಮಲ್ಲಿ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ, ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಕಂಪನಿ ಮತ್ತು ತಾಯಿ ಇಬ್ಬರೂ ಒಪ್ಪಿಕೊಳ್ಳಬಹುದು ಅಂತ ಬರೆದರು. ಒಪ್ಪಲೇಬೇಕು ಅಂತ ಬರೆಯಲಿಲ್ಲ.

ಹಾಗಾಗಿ ಈಗ ಕೆಲಸ ಬದಲಿಸುವ ಹುಡುಗ ಹುಡುಗಿಯರು ನನ್ನನ್ನು ಕೇಳಿದರೆ, "ಫ್ಲೆಕ್ಸಿ ಟೈಮಿಂಗ್ ಇದೆಯಾ" ಅಂತ ಸುಮ್ನೆ ಕೇಳಿ ಬಿಡಬೇಡಿ ಅನ್ನುತ್ತೇನೆ. ಕೋರ್ ಅವರ್ಸ್ ಎಷ್ಟರಿಂದ ಎಷ್ಟು, ರಾತ್ರಿ ಕಾಲ್ ವಾರಕ್ಕೆ ಎಷ್ಟು, ರಾತ್ರಿ ಕೂತರೆ ಮರುದಿನ ತಡವಾಗಿ ಬರಬಹುದಾ, ಅದನ್ನು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳುತ್ತಾರಾ ಅಥವಾ ಪಾಲಿಸಿಯಲ್ಲಿ ಬರೆದಿದ್ದಾರಾ ಅಂತ ಕೇಳಿ. ಬಾಯಿಮಾತಿನ ಫ್ಲೆಕ್ಸಿ ಆ ಮ್ಯಾನೇಜರ್ ಇರುವವರೆಗೆ ಮಾತ್ರ. ನನಗೆ ಅದು ಒಮ್ಮೆ ಆಗಿದೆ. ಹೊಸಬರು ಬಂದ ವಾರವೇ "ಎಲ್ಲರೂ ಒಂಬತ್ತಕ್ಕೆ ಸೀಟಿನಲ್ಲಿರಬೇಕು" ಅಂತಾಯಿತು, ರಾತ್ರಿ ಕಾಲ್ ಮಾತ್ರ ಹಾಗೇ ಉಳಿಯಿತು. ಎರಡು ತಿಂಗಳು ನೋಡಿ ಬೇರೆ ಕೆಲಸ ಹುಡುಕಿಕೊಂಡೆ.

ಈಗಿನ ತಂಡದಲ್ಲಿ ನಾವೇ ಒಂದು ಶೀಟ್ ಮಾಡಿಕೊಂಡಿದ್ದೇವೆ. ಏಳು ಜನರ ಹೆಸರು, ಪ್ರತಿಯೊಬ್ಬರ ಶುರು, ಪ್ರತಿಯೊಬ್ಬರ ಮುಗಿಯುವ ಹೊತ್ತು. ಅಮೆರಿಕದ ಕಾಲ್‌ಗೆ ದಿನಕ್ಕೆ ಇಬ್ಬರು, ಸರದಿಯ ಮೇಲೆ. ಕೂತವರು ಮರುದಿನ ಹನ್ನೊಂದರ ಮುಂಚೆ ಲಾಗಿನ್ ಆಗುವ ಹಾಗಿಲ್ಲ. ತಿಂಗಳ ಕೊನೆಗೆ ಒಟ್ಟು ಗಂಟೆ ಕೂಡಿಸಿ, ಜಾಸ್ತಿ ಆದವರಿಗೆ ಮುಂದಿನ ತಿಂಗಳು ಸರದಿ ಕಡಿಮೆ. ಕ್ಲೈಂಟ್ ಕಡೆಯವರು ಮೊದಲು ಗೊಣಗಿದರು, ಈಗ ಅವರೂ ಆ ಶೀಟ್ ನೋಡಿಯೇ ಮೀಟಿಂಗ್ ಇಡುತ್ತಾರೆ. ಕಳೆದ ನವೆಂಬರ್‌ನಲ್ಲಿ ಗಡಿಯಾರ ತಿರುಗಿದಾಗ ಕಾಲ್ ಹತ್ತೂವರೆಗೆ ಹೋಗುವ ಬದಲು, ಅಲ್ಲಿನವರೇ ಒಂದು ಗಂಟೆ ಬೇಗ, ಬೆಳಿಗ್ಗೆ ಎಂಟಕ್ಕೆ ಬಂದು ಕೂತರು.